ಮನೆ ಕೆಲಸ ನಾಲ್ಕು ತಿಂಗಳಿಂದ ನಿಂತಿದೆ, ಈಗ ಆತುರದಲ್ಲಿ ಮುಗಿಸಬಹುದಾ?

ಪ್ರಶ್ನೆ: ನಾವು ಸ್ವಂತ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೊಂದು, ಮೇಲೊಂದು ಮಹಡಿ. ಹತ್ತು ತಿಂಗಳಲ್ಲಿ ಮುಗಿಸಿಕೊಡುತ್ತೇನೆ ಎಂದು ಕಂಟ್ರಾಕ್ಟರ್ ಹೇಳಿದ್ದರು. ಈಗ ಹದಿನಾರನೇ ತಿಂಗಳು. ಮೊದಲು ಪಾಯದಲ್ಲಿ ನೀರು ಬಂದು ಕೆಲಸ ನಿಂತಿತು. ಕೆಳಗಿನ ಗೋಡೆ ಏಳುವಾಗ ನಾವೇ ಮೆಟ್ಟಿಲಿನ ಜಾಗ ಮತ್ತು ಅಡುಗೆಮನೆ ಬದಲಾಯಿಸಿದೆವು. ಮೊದಲ ಮೋಲ್ಡ್ (ಛಾವಣಿಯ ಕಾಂಕ್ರೀಟ್) ಆದ ಮೇಲೆ ಕೆಲಸದವರು ಬೇರೆ ಸೈಟಿಗೆ ಹೋದರು, ಅಷ್ಟರಲ್ಲಿ ಮಳೆ ಹಿಡಿಯಿತು. ನಾಲ್ಕು ತಿಂಗಳಿಂದ ಏನೂ ನಡೆದಿಲ್ಲ. ಮೇಲೆ ಬಿಟ್ಟ ಕಂಬಿಗಳು ತುಕ್ಕು ಹಿಡಿದಿವೆ, ಕೆಲವು ಮೂಟೆ ಸಿಮೆಂಟ್ ಹಾಗೇ ಇದೆ. ಈಗ ಕಂಟ್ರಾಕ್ಟರ್ ಬಂದು, 'ಎರಡು ಗ್ಯಾಂಗ್ ಹಾಕಿ ಮೂರು ತಿಂಗಳಲ್ಲಿ ಪೂರ್ತಿ ಮುಗಿಸುತ್ತೇನೆ, ಇನ್ನೊಂದಿಷ್ಟು ಅಡ್ವಾನ್ಸ್ ಕೊಡಿ' ಎನ್ನುತ್ತಿದ್ದಾರೆ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕ್ ಬಡ್ಡಿ. ಒಪ್ಪಿಕೊಳ್ಳಬೇಕಾ, ಕಂಟ್ರಾಕ್ಟರನ್ನು ಬದಲಿಸಬೇಕಾ? ಕಟ್ಟಿರುವುದು ಹಾಳಾಗಿದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅನ್ನಿಸುತ್ತದೆ. ನಾಲ್ಕು ತಿಂಗಳು ಕೆಲಸ ನಿಂತ ಮಾತ್ರಕ್ಕೆ ಕಟ್ಟಿದ್ದು ಹಾಳಾಗುವುದಿಲ್ಲ. ಗಟ್ಟಿಯಾದ ಕಾಂಕ್ರೀಟಿಗೆ ಮಳೆ ಶತ್ರುವಲ್ಲ. ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ, ನೀರಿನ ಜೊತೆ ಸೇರಿ ಬದಲಾಗುವುದರಿಂದ. ತೇವ ಸಿಕ್ಕಷ್ಟು ದಿನ ಅದು ನಿಧಾನವಾಗಿ ಬಲ ಪಡೆಯುತ್ತಲೇ ಇರುತ್ತದೆ. 28 ದಿನದ ಬಲವನ್ನು ಲೆಕ್ಕಕ್ಕೆ ಹಿಡಿಯುವುದು ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ ಎಂಬ ಕಾರಣಕ್ಕೆ. ಆಮೇಲೂ ಬಲ ಸ್ವಲ್ಪ ಸ್ವಲ್ಪ ಏರುತ್ತದೆ. ಹಾಗಾಗಿ ಮೊದಲ ವಾರ, ಹತ್ತು ದಿನ ಚೆನ್ನಾಗಿ ನೀರು ನಿಲ್ಲಿಸಿದ್ದರೆ ನಿಮ್ಮ ಮೋಲ್ಡ್ ಈಗ ನಾಲ್ಕು ತಿಂಗಳ ಹಿಂದಿಗಿಂತ ಗಟ್ಟಿಯಾಗಿಯೇ ಇದೆ. ಮೇಲೆ ಪಾಚಿ ಕಟ್ಟಿ ಕಪ್ಪಾಗಿರಬಹುದು. ಅದನ್ನು ನೋಡಿ ಹೆದರಬೇಡಿ, ಉಜ್ಜಿ ತೊಳೆದರೆ ಹೋಗುತ್ತದೆ.

ಕಂಬಿಯ ತುಕ್ಕು ಬೇರೆ ವಿಷಯ. ಇದರಲ್ಲಿ ಎರಡು ಬಗೆ ಇದೆ. ಕೆಂಪು ಪುಡಿಯಂಥ ತೆಳುವಾದ ತುಕ್ಕು ಕಂಬಿಗೆ ಅಂಟಿಕೊಂಡೇ ಇರುತ್ತದೆ. ಅದರಿಂದ ತೊಂದರೆ ಇಲ್ಲ, ಕಾಂಕ್ರೀಟಿನ ಹಿಡಿತವೂ ಕಮ್ಮಿಯಾಗುವುದಿಲ್ಲ. ಇನ್ನೊಂದು ಬಗೆ, ಪದರ ಪದರವಾಗಿ ಕಿತ್ತು ಬರುವ ತುಕ್ಕು. ವೈರ್ ಬ್ರಷ್‌ನಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಕೆಳಗೆ ಕಂಬಿಯ ಮೈಮೇಲಿನ ಉಬ್ಬು ಗೀರುಗಳು ಸ್ಪಷ್ಟವಾಗಿ ಉಳಿದಿವೆಯಾ, ಇಲ್ಲ ಸವೆದು ನುಣ್ಣಗಾಗಿವೆಯಾ, ಗುಳಿ ಬಿದ್ದಿವೆಯಾ? ಗೀರು ಉಳಿದಿದ್ದರೆ ಉಜ್ಜಿ ಮುಂದುವರಿಸಬಹುದು. ಗುಳಿ ಬಿದ್ದಿದ್ದರೆ ಒಂದು ತುಂಡು ಕತ್ತರಿಸಿ ಅಳತೆ ಮಾಡಿ ತೂಗಿಸಿ. ಕಂಬಿಗೆ ಮೀಟರಿಗೆ ಇಷ್ಟು ತೂಕ ಎಂದು ನಿಗದಿ ಇರುತ್ತದೆ, 12 ಎಂಎಂ ಕಂಬಿ ಮೀಟರಿಗೆ ಸುಮಾರು 0.89 ಕೆಜಿ, 16 ಎಂಎಂ ಆದರೆ ಸುಮಾರು 1.58 ಕೆಜಿ. ತೂಕ ಎಷ್ಟು ಕಮ್ಮಿಯಾಗಿದೆ ಎಂದು ಗೊತ್ತಾದರೆ ಏನು ಮಾಡಬೇಕೆಂದು ಇಂಜಿನಿಯರ್ ಹೇಳುತ್ತಾರೆ. ಪದರ ತುಕ್ಕನ್ನು ಹಾಗೇ ಬಿಟ್ಟು ಮೇಲೆ ಕಾಂಕ್ರೀಟ್ ಸುರಿಯುವುದು ಮಾತ್ರ ಬೇಡವೇ ಬೇಡ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟು ಜಾಸ್ತಿ ಜಾಗ ಕೇಳುತ್ತದೆ. ಒಳಗೇ ತುಕ್ಕು ಬೆಳೆಯಲು ಶುರುವಾದರೆ ಕಾಂಕ್ರೀಟ್ ಸೀಳುತ್ತದೆ.

ಕಂಬಿಗಳನ್ನು ಯಾರಾದರೂ ಬಗ್ಗಿಸಿದ್ದಾರಾ ಅಂತಲೂ ನೋಡಿ. ಓಡಾಡಲು ಅಡ್ಡ ಆಗುತ್ತದೆಂದು ಕೆಲಸದವರು ಸುಮ್ನೆ ಮಡಚಿ ಹಾಕಿರುತ್ತಾರೆ. ಕೆಲಸ ಮತ್ತೆ ಶುರುವಾದಾಗ ಪೈಪ್ ಸಿಕ್ಕಿಸಿ ನೆಟ್ಟಗೆ ಮಾಡುತ್ತಾರೆ. ಮಡಚಿ ಬಿಚ್ಚಿದ ಜಾಗದಲ್ಲಿ ಕಂಬಿ ಬಿರುಕು ಬಿಡಬಹುದು, ಅದು ಕಣ್ಣಿಗೆ ಕಾಣುವುದೂ ಇಲ್ಲ. ಮಡಚಿದ ಕಂಬಿ ಇದ್ದರೆ ಇಂಜಿನಿಯರ್ ಬಂದು ನೋಡುವ ತನಕ ಯಾರೂ ಮುಟ್ಟಬಾರದು ಎಂದು ಹೇಳಿಬಿಡಿ.

ಸಿಮೆಂಟ್ ಬಗ್ಗೆ ಜಾಸ್ತಿ ಯೋಚನೆ ಬೇಡ. ಮೂಟೆಯಲ್ಲಿದ್ದ ಸಿಮೆಂಟ್ ಗಾಳಿಯ ತೇವ ಕುಡಿದು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಐದನೇ ಒಂದು ಭಾಗದಷ್ಟು ಬಲ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮೂಟೆ ಒಡೆದು ಕೈ ಹಾಕಿ. ಬೆರಳಲ್ಲಿ ಒತ್ತಿದರೆ ಪುಡಿಯಾಗದ ಗಂಟು ಇದ್ದರೆ ಅದು ಕಸ. ಗಂಟು ಇಲ್ಲದಿದ್ದರೂ ಕಾಲಮ್, ಬೀಮ್, ಮೋಲ್ಡ್‌ಗೆ ಅದನ್ನು ಹಾಕಬೇಡಿ. ಅಂಗಳ ಸಮ ಮಾಡಲು, ಪಾಯದ ಸುತ್ತ ಬೆಡ್ ಹಾಕಲು ಬಳಸಿ ಮುಗಿಸಿ. ಇರುವ ಕೆಲವೇ ಮೂಟೆಗೆ ಲ್ಯಾಬ್ ಪರೀಕ್ಷೆ ಮಾಡಿಸುವ ಖರ್ಚು, ಓಡಾಟ ಯಾಕೆ?

ನಾನು ಬಂದು ನೋಡುವುದಾದರೆ ಮೊದಲು ನೋಡುವ ಜಾಗಗಳು ಬೇರೆಯೇ. ಮೇಲೆ ಅರ್ಧಕ್ಕೆ ನಿಂತ ಗೋಡೆ ಇದ್ದರೆ ಅದರ ತಲೆ. ಮುಚ್ಚದೆ ಬಿಟ್ಟರೆ ಮಳೆ ನೀರು ಮೇಲಿನಿಂದ ಇಳಿದು ಗಾರೆ ಸಡಿಲವಾಗಿರುತ್ತದೆ. ಮೇಲಿನ ಒಂದೆರಡು ಸಾಲು ಕೈಯಲ್ಲಿ ಅಲ್ಲಾಡಿದರೆ ತೆಗೆದು ಮತ್ತೆ ಕಟ್ಟಬೇಕು. ಆಮೇಲೆ ಪೈಪುಗಳ ಬಾಯಿ. ಮೋಲ್ಡ್‌ನಲ್ಲಿ ಹೂತಿಟ್ಟ ಕರೆಂಟ್ ಪೈಪಿನೊಳಗೆ ಮರಳು, ಕಸ ಸೇರಿಕೊಂಡಿದ್ದರೆ ಈಗಲೇ ಗೊತ್ತಾಗಬೇಕು. ಪ್ಲಾಸ್ಟರ್ ಆದ ಮೇಲೆ ವೈರ್ ಎಳೆಯುವಾಗ ಗೊತ್ತಾದರೆ ಗೋಡೆ ಒಡೆಯಬೇಕಾಗುತ್ತದೆ. ಇನ್ನು ಮನೆಯ ಒಳಗೆ ಪಾಯದ ಮಟ್ಟಕ್ಕೆ ತುಂಬಿಸಿದ ಮಣ್ಣು. ಅದು ನಾಲ್ಕು ತಿಂಗಳ ಮಳೆಗೆ ಚೆನ್ನಾಗಿ ಕುಸಿದು ಕೂತಿರುತ್ತದೆ. ಇದು ಒಳ್ಳೆಯದೇ. ಆತುರದಲ್ಲಿ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿದ ಮನೆಗಳಲ್ಲಿ ಒಂದೆರಡು ವರ್ಷಕ್ಕೆ ನೆಲ ಕೆಳಗಿಳಿಯುವುದು ನೋಡಿದ್ದೇನೆ. ಕೆಲಸ ನಿಂತಿದ್ದರಿಂದ ನಿಮಗೆ ಸಿಕ್ಕ ಒಂದೇ ಲಾಭ ಇದು ಅನ್ನಿ.

ಪಾಯದಲ್ಲಿ ನೀರು ಬಂದಿತ್ತು ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದು ತುಕ್ಕಿಗಿಂತ ಮುಖ್ಯ. ಗುಂಡಿಯಲ್ಲಿ ನೀರು ನಿಂತರೆ ತಳದ ಮಣ್ಣು ಮೆತ್ತಗಾಗುತ್ತದೆ. ನೀರು ಖಾಲಿ ಮಾಡಿದ ಮೇಲೆ ಆ ಮೆತ್ತನೆಯ ಪದರವನ್ನು ಗಟ್ಟಿ ಮಣ್ಣು ಸಿಗುವ ತನಕ ಕೆರೆದು ತೆಗೆದು, ಆಮೇಲೆ ಬೆಡ್ ಕಾಂಕ್ರೀಟ್ ಹಾಕಿದರಾ? ಇಲ್ಲ ನೀರು ಹೊರಹಾಕಿ ಕೆಸರಿನ ಮೇಲೇ ಹಾಕಿದರಾ? ಆಗ ತೆಗೆದ ಫೋಟೋ ನಿಮ್ಮ ಮೊಬೈಲಿನಲ್ಲಿ ಇರಬಹುದು, ಹುಡುಕಿ. ಫೋಟೋ ಇಲ್ಲದಿದ್ದರೆ ಗೋಡೆಗಳೇ ಹೇಳುತ್ತವೆ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದೆಯಾ ನೋಡಿ. ಇದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಕೆಲವು ವಾರ ಬಿಟ್ಟು ನೋಡಿದಾಗ ಬಿರುಕು ಗೆರೆ ದಾಟಿದ್ದರೆ ಪಾಯ ಇನ್ನೂ ಕೂರುತ್ತಿರಬಹುದು. ಮೇಲಿನ ಮಹಡಿಯ ಭಾರ ಹೊರಿಸುವ ಮೊದಲು ಇದು ಗೊತ್ತಾಗಬೇಕು ಅಲ್ವಾ?

ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಮೆಟ್ಟಿಲು ಜಾಗ ಬದಲಿಸಿದರೆ ಮೋಲ್ಡ್‌ನಲ್ಲಿ ಬಿಡುವ ದೊಡ್ಡ ತೂತಿನ ಜಾಗವೂ ಬದಲಾಗುತ್ತದೆ. ಅಂದರೆ ಸುತ್ತಲಿನ ಬೀಮ್‌ಗಳ ಲೆಕ್ಕ ಬದಲಾಗುತ್ತದೆ. ಹೊಸ ನಕ್ಷೆಯನ್ನು ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಕಂಬಿಯ ಹೊಸ ಡ್ರಾಯಿಂಗ್ ಕೊಟ್ಟರಾ? ಇಲ್ಲ 'ಎರಡು ಕಂಬಿ ಎಕ್ಸ್‌ಟ್ರಾ ಹಾಕಿದ್ದೇವೆ ಬಿಡಿ' ಎಂದು ಸೈಟಿನಲ್ಲೇ ತೀರ್ಮಾನ ಆಯಿತಾ? ಎರಡನೆಯದಾದರೆ ಮುಂದಿನ ಕೆಲಸ ಶುರು ಮಾಡುವ ಮೊದಲು ಇಂಜಿನಿಯರನ್ನು ಕರೆಸಿ. ಕೆಲಸ ಹೇಗೂ ನಿಂತಿದೆ. ಈ ತಪಾಸಣೆಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಈಗ ಮೂರು ತಿಂಗಳ ಮಾತು. ನನ್ನ ಉತ್ತರ ನೇರವಾಗಿದೆ. ಒಪ್ಪಬೇಡಿ. ಕಂಟ್ರಾಕ್ಟರ್ ಕೆಟ್ಟವರು ಎಂದು ಹೇಳುತ್ತಿಲ್ಲ. ಉಳಿದ ಕೆಲಸದಲ್ಲಿ ಎಷ್ಟು ಜನ ಹಾಕಿದರೂ ಕುಗ್ಗದ ಸಮಯವೇ ತುಂಬಾ ಇದೆ. ಸುಮ್ಮನೆ ಲೆಕ್ಕ ಹಾಕಿ ನೋಡೋಣ.

ಮೇಲಿನ ಕಾಲಮ್ ಹಾಕಿ, ಸೆಂಟ್ರಿಂಗ್ (ಹಸಿ ಕಾಂಕ್ರೀಟ್ ಹೊರುವ ಹಲಗೆ, ಆಸರೆ) ಕಟ್ಟಿ, ಕಂಬಿ ಕಟ್ಟಿ ಎರಡನೇ ಮೋಲ್ಡ್ ಹಾಕಲು ಒಳ್ಳೆಯ ತಂಡಕ್ಕೂ ಮೂರ್ನಾಲ್ಕು ವಾರ ಬೇಕು. ಆಮೇಲೆ ಕಾಯಬೇಕು. ಸಾಮಾನ್ಯ ಸಿಮೆಂಟ್, ಬೆಚ್ಚಗಿನ ಹವೆ ಇದ್ದರೆ ಎರಡು ಬೀಮ್ ಅಥವಾ ಗೋಡೆಗಳ ನಡುವಿನ ಅಂತರ ನಾಲ್ಕೂವರೆ ಮೀಟರಿನೊಳಗಿರುವ ಮೋಲ್ಡ್‌ಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ಕೆಳಗಿನ ಆಸರೆ ತೆಗೆಯುವಂತಿಲ್ಲ. ಬೀಮ್ ಆದರೆ ಆರು ಮೀಟರಿನ ತನಕ 14 ದಿನ, ಆಚೆಗೆ 21 ದಿನ. ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ ಬಲ ನಿಧಾನವಾಗಿ ಬರುತ್ತದೆ, ಇನ್ನೂ ಕಾಯಬೇಕು. ಚಳಿ ಇದ್ದರೂ ಅಷ್ಟೇ. ಏಳನೇ ದಿನಕ್ಕೆ ಕಾಂಕ್ರೀಟಿಗೆ ಸುಮಾರು ಮೂರನೇ ಎರಡು ಭಾಗ ಬಲ ಬಂದಿರುತ್ತದೆ ಅಷ್ಟೇ. ಆಸರೆಯ ಪೈಪು, ಹಲಗೆ ಬಾಡಿಗೆಗೆ ಬಂದಿರುತ್ತವೆ, ಬೇಗ ಬಿಚ್ಚಿದಷ್ಟು ಕಂಟ್ರಾಕ್ಟರಿಗೆ ಉಳಿತಾಯ. ಆತುರದ ಸೈಟಿನಲ್ಲಿ ಮೊದಲ ಕತ್ತರಿ ಬೀಳುವುದು ಇಲ್ಲಿಗೇ. ಬೇಗ ಬಿಚ್ಚಿದ ಮೋಲ್ಡ್ ಬೀಳದೇ ಇರಬಹುದು. ಆದರೆ ನಡುವೆ ಸ್ವಲ್ಪ ಬಗ್ಗುತ್ತದೆ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಮುಂದೆ ಆ ಬಿರುಕಿನಿಂದಲೇ ನೀರು ಇಳಿಯುತ್ತದೆ.

ಆಮೇಲೆ ಒಳಗಿನ ಗೋಡೆ. ದಿನಕ್ಕೆ ಒಂದೂವರೆ ಮೀಟರಿಗಿಂತ ಎತ್ತರ ಗೋಡೆ ಏರಿಸಬಾರದು, ಕೆಳಗಿನ ಹಸಿ ಗಾರೆ ಭಾರಕ್ಕೆ ಹಿಂಡಿಕೊಂಡು ಗೋಡೆ ವಾಲುತ್ತದೆ. ಗೋಡೆ ಆದ ಮೇಲೆ ಪೈಪು ಕೂರಿಸಲು ಕೊರೆಯಬೇಕು, ನೀರಿನ ಪೈಪನ್ನು ಒತ್ತಡ ಹಾಕಿ ಪರೀಕ್ಷಿಸಬೇಕು, ಆಮೇಲೆ ಪ್ಲಾಸ್ಟರ್. ಪ್ಲಾಸ್ಟರಿಗೆ ಒಂದು ವಾರ ನೀರು ಹಾಕಬೇಕು. ನಂತರ ಅದು ಒಣಗಬೇಕು. ಹೊಸ ಪ್ಲಾಸ್ಟರ್ ಮೇಲೆ ಬಣ್ಣ ಹಚ್ಚಲು ನಾಲ್ಕು ವಾರವಾದರೂ ಬಿಡುವುದು ಒಳ್ಳೆಯದು. ಒಳಗೆ ತೇವ ಇದ್ದರೆ, ಜೊತೆಗೆ ಸಿಮೆಂಟಿನ ಕ್ಷಾರ ಇದ್ದೇ ಇರುತ್ತದೆ, ಬಣ್ಣ ಪೊರೆ ಬಿಟ್ಟು ಏಳುತ್ತದೆ, ಬಿಳಿ ಉಪ್ಪು ಹೊರಗೆ ಬರುತ್ತದೆ. ನೆಲಕ್ಕೆ ಹಾಕಿದ ಸಿಮೆಂಟ್ ಹಾಸು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಒಣಗುತ್ತದೆ ಎಂಬುದು ಹಳೆಯ ಅಂದಾಜು, ಅದೂ ಒಳ್ಳೆಯ ಗಾಳಿ ಬಿಸಿಲು ಇದ್ದರೆ. ಐವತ್ತು ಮಿಲಿಮೀಟರ್ ದಪ್ಪದ ಹಾಸಿಗೆ ಹತ್ತಿರ ಹತ್ತಿರ ಎರಡು ತಿಂಗಳು. ಟೈಲ್ಸ್ ಆದರೆ ಅಷ್ಟು ಕಾಯಬೇಕಿಲ್ಲ, ಮರದ ನೆಲಹಾಸು ಆಸೆ ಇದ್ದರೆ ಕಾಯಲೇಬೇಕು. ಒದ್ದೆ ಮನೆಯೊಳಗೆ ಮರದ ಬಾಗಿಲು, ಕಪಾಟು ತಂದು ಕೂರಿಸಿದರೆ ಮರ ತೇವ ಕುಡಿದು ಉಬ್ಬುತ್ತದೆ. ಮುಚ್ಚಲು ಬಾರದ ಬಾಗಿಲನ್ನು ಬಡಗಿ ಬಂದು ಕೆತ್ತಿ ಹೋಗುತ್ತಾನೆ. ಮನೆ ಒಣಗಿದ ಮೇಲೆ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣುತ್ತದೆ.

ಇವನ್ನೆಲ್ಲ ಕೂಡಿಸಿ. ಏನೂ ತಪ್ಪದೆ ನಡೆದರೂ ಆರೇಳು ತಿಂಗಳು. ಮೂರು ತಿಂಗಳಿಗೆ ಇಳಿಸಬೇಕಾದರೆ ಕ್ಯೂರಿಂಗ್ (ನೀರು ಹಾಕಿ ತೇವ ಇಡುವುದು), ಒಣಗುವ ಸಮಯ, ಪರೀಕ್ಷೆ ಇವುಗಳಲ್ಲೇ ಕಳೆಯಬೇಕು. ಬೇರೆ ದಾರಿ ಇಲ್ಲ. ನಿಂತ ಮನೆಗಳು ಹಾಳಾಗುವುದು ನಿಂತಿದ್ದರಿಂದ ಅಲ್ಲ. ಆಮೇಲೆ ಹೋದ ತಿಂಗಳುಗಳನ್ನು ವಾಪಸ್ ತರಲು ಓಡಿಸುತ್ತಾರಲ್ಲ, ಆಗ ಹಾಳಾಗುತ್ತವೆ.

ಎರಡು ಗ್ಯಾಂಗ್ ಹಾಕುವುದರಿಂದ ಲಾಭವೇ ಇಲ್ಲ ಅಂತಲ್ಲ. ಕೆಳಗಿನ ಮಹಡಿಯ ಪ್ಲಾಸ್ಟರ್ ಒಂದು ತಂಡ, ಮೇಲಿನ ಸೆಂಟ್ರಿಂಗ್ ಇನ್ನೊಂದು ತಂಡ ಮಾಡಬಹುದು. ಆದರೆ ಇದಕ್ಕೊಂದು ಮಿತಿ ಇದೆ. ಮೇಲಿನ ಮೋಲ್ಡ್‌ನ ಹಸಿ ಭಾರ ಆಸರೆ ಪೈಪುಗಳ ಮೂಲಕ ಕೆಳಗಿನ ಮೋಲ್ಡ್‌ಗೆ ಬರುತ್ತದೆ. ಕೆಳಗಿನದಕ್ಕೂ ಆಸರೆ ಬೇಕಾ ಎಂದು ಇಂಜಿನಿಯರ್ ಹೇಳಬೇಕು. ಬೇಕು ಎಂದರೆ ಕೆಳಗಿನ ಪ್ಲಾಸ್ಟರ್ ಕಾಯಬೇಕಾಗುತ್ತದೆ. ಎರಡನೇ ತಂಡಕ್ಕೆ ಮೇಲ್ವಿಚಾರಣೆ ಯಾರದು ಎಂದೂ ಕೇಳಿ. ಒಬ್ಬ ಮೇಸ್ತ್ರಿ ಎರಡು ಕಡೆ ಕಣ್ಣಿಡಲಾರ. ಅವಸರದಲ್ಲಿ ಕಾಂಕ್ರೀಟ್ ಸುಲಭವಾಗಿ ಹರಿಯಲಿ ಎಂದು ಎರಡು ಬಕೆಟ್ ನೀರು ಜಾಸ್ತಿ ಸುರಿಯುವುದು ಇಂಥ ಹೊತ್ತಿನಲ್ಲೇ. ನೀರು ಜಾಸ್ತಿಯಾದಷ್ಟೂ ಬಲ ಕುಸಿಯುತ್ತದೆ ಎಂದು ಡಫ್ ಅಬ್ರಮ್ಸ್ ಎಂಬ ಇಂಜಿನಿಯರ್ 1918ರಲ್ಲೇ ಲೆಕ್ಕ ಸಮೇತ ತೋರಿಸಿದ್ದಾರೆ. ನೂರು ವರ್ಷ ದಾಟಿದರೂ ಸೈಟಿನಲ್ಲಿ ಬಕೆಟ್ ನಿಂತಿಲ್ಲ.

ಹಾಗಾದರೆ ಸಮಯ ಎಲ್ಲಿಂದ ವಾಪಸ್ ಬರಬೇಕು? ನಿರ್ಧಾರಗಳಿಂದ. ನೀವು ಬರೆದ ಆರು ತಿಂಗಳ ವಿಳಂಬವನ್ನು ಬಿಡಿಸಿ ನೋಡಿ. ನೀರು, ಮಳೆ ನಿಮ್ಮ ಕೈಯಲ್ಲಿ ಇರಲಿಲ್ಲ, ಸರಿ. ಆದರೆ ಮೆಟ್ಟಿಲು, ಅಡುಗೆಮನೆ? ಕೆಲಸದವರು ಯಾಕೆ ಹೋದರು ಎಂದು ಕೇಳಿದ್ದೀರಾ? ಬಹಳಷ್ಟು ಸಲ ಅವರು ಹೋಗುವುದು ನಿಮ್ಮ ಸೈಟಿನಲ್ಲಿ ಆ ದಿನ ಮಾಡಲು ಕೆಲಸ ಇಲ್ಲದಿದ್ದಾಗ. ನಕ್ಷೆ ಬದಲಾಗುತ್ತಿದೆ, ಕಂಬಿ ಬಂದಿಲ್ಲ, ಹಣ ಇನ್ನೂ ಕೈಗೆ ಬಂದಿಲ್ಲ. ದಿನಗೂಲಿಯವರು ಕಾಯುತ್ತಾ ಕೂರಲು ಆಗುವುದಿಲ್ಲ. ಪಕ್ಕದ ಸೈಟಿನಲ್ಲಿ ಕೆಲಸ ಸಿದ್ಧವಾಗಿದೆ, ಹೋಗುತ್ತಾರೆ. ಒಮ್ಮೆ ಹೋದವರು ಅಲ್ಲಿನ ಮೋಲ್ಡ್ ಮುಗಿಯುವ ತನಕ ಬರುವುದಿಲ್ಲ. ನಿಮ್ಮ ಎರಡು ದಿನದ ಗೊಂದಲ ಹೀಗೆ ಒಂದು ತಿಂಗಳಾಗುತ್ತದೆ.

ನಕ್ಷೆ ಪೂರ್ತಿ ಆಗುವ ಮೊದಲೇ ಶುರು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಸಿಡ್ನಿ ಒಪೆರಾ ಹೌಸ್ ದೊಡ್ಡ ಉದಾಹರಣೆ. 1959ರಲ್ಲಿ ಕೆಲಸ ಶುರುವಾಯಿತು. ನಾಲ್ಕು ವರ್ಷದಲ್ಲಿ, 70 ಲಕ್ಷ ಆಸ್ಟ್ರೇಲಿಯನ್ ಡಾಲರಿನಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚು 10 ಕೋಟಿ 20 ಲಕ್ಷ ಡಾಲರ್. ಮೇಲಿನ ಚಿಪ್ಪಿನಂಥ ಛಾವಣಿಯನ್ನು ಹೇಗೆ ಕಟ್ಟಬೇಕು ಎಂದು ತೀರ್ಮಾನ ಆಗುವ ಮೊದಲೇ ಕೆಳಗಿನ ಕಟ್ಟೆ ಕಟ್ಟಲು ಹೊರಟಿದ್ದರು. ಆಮೇಲೆ ನೋಡಿದರೆ ಕೆಳಗಿನ ಕಂಬಗಳಿಗೆ ಆ ಛಾವಣಿ ಹೊರುವ ಶಕ್ತಿ ಇರಲಿಲ್ಲ, ಮತ್ತೆ ಕಟ್ಟಬೇಕಾಯಿತು. ದೊಡ್ಡ ಇಂಜಿನಿಯರುಗಳಿಗೂ ಹೀಗಾಗಿದೆ ಎಂದು ಸಮಾಧಾನ ಮಾಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನಿಮ್ಮ ಮೆಟ್ಟಿಲಿಗೆ ಆದದ್ದೂ ಅದೇ ಬಗೆಯದು, ಅಳತೆ ಮಾತ್ರ ಸಣ್ಣದು.

ಈಗ ಮೇಲಿನ ಮಹಡಿಗೆ ಕೈ ಹಾಕುವ ಮೊದಲು ಒಂದು ವಾರ ಪೂರ್ತಿ ಕೂತು ಉಳಿದ ಎಲ್ಲ ನಿರ್ಧಾರ ಮಾಡಿ ಮುಗಿಸಿ. ಕಿಟಕಿಯ ಅಳತೆ, ಬಾಗಿಲು ಯಾವ ಕಡೆ ತೆರೆಯಬೇಕು, ಸ್ನಾನದ ಮನೆಯಲ್ಲಿ ನಲ್ಲಿ ಎಷ್ಟು ಎತ್ತರದಲ್ಲಿ, ಯಾವ ಗೋಡೆಯಲ್ಲಿ ಎಷ್ಟು ಸ್ವಿಚ್, ಫ್ರಿಜ್ ಎಲ್ಲಿ, ಟೈಲ್ಸಿನ ದಪ್ಪ ಎಷ್ಟು. ಟೈಲ್ಸಿನ ದಪ್ಪ ಯಾಕೆ ಎಂದರೆ ಅದರ ಮೇಲೆ ನೆಲದ ಮಟ್ಟ, ನೆಲದ ಮಟ್ಟದ ಮೇಲೆ ಬಾಗಿಲಿನ ಎತ್ತರ ನಿಂತಿದೆ. ಗೆರೆ ಎಳೆಯುವಾಗ ಗೋಡೆ ಸರಿಸಲು ರಬ್ಬರ್ ಸಾಕು. ಕಟ್ಟಿದ ಮೇಲೆ ಸರಿಸಿದರೆ ಒಡೆಯುವ ಕೂಲಿ, ಕಸ ಸಾಗಿಸುವ ಖರ್ಚು, ಕರೆಂಟ್ ಪೈಪು ಬದಲಿಸುವ ಖರ್ಚು, ಎಲ್ಲಕ್ಕಿಂತ ಜಾಸ್ತಿ ಆ ದಿನ ಬರಬೇಕಿದ್ದ ಪ್ಲಂಬರ್ ತಪ್ಪಿಹೋಗಿ ಮುಂದಿನ ಸರದಿಗೆ ಕಾಯುವುದು.

ಹಾಗೆಯೇ ಯಾವ ವಿಳಂಬ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಗೊತ್ತಿರಬೇಕು. ಕಾರ್ಖಾನೆ ಕಟ್ಟುವವರು 1950ರ ದಶಕದ ಕೊನೆಯಲ್ಲಿ ಇದಕ್ಕೊಂದು ಲೆಕ್ಕ ಹುಡುಕಿದರು. ಒಂದಾದ ಮೇಲೆ ಒಂದೇ ಆಗಬೇಕಾದ ಕೆಲಸಗಳ ಅತಿ ಉದ್ದದ ಸರಪಳಿ ಯಾವುದೋ ಅದೇ ಇಡೀ ಕೆಲಸದ ಅವಧಿ ನಿರ್ಧರಿಸುತ್ತದೆ. ನಿಮ್ಮ ಮನೆಯಲ್ಲಿ ಕಾಲಮ್, ಮೋಲ್ಡ್, ಗೋಡೆ, ಪೈಪು, ಪ್ಲಾಸ್ಟರ್, ಒಣಗುವುದು, ನೆಲ, ಬಣ್ಣ ಆ ಸರಪಳಿಯಲ್ಲಿವೆ. ಗೇಟು ಎರಡು ವಾರ ತಡವಾದರೆ ಏನೂ ಆಗುವುದಿಲ್ಲ, ಅದಕ್ಕೆ ಫೋನು ಮಾಡಿ ಜಗಳ ಆಡಬೇಡಿ. ಕಿಟಕಿಯ ಚೌಕಟ್ಟು ಎರಡು ವಾರ ತಡವಾದರೆ ಹೊರಗಿನ ಪ್ಲಾಸ್ಟರ್ ನಿಲ್ಲುತ್ತದೆ, ಅದು ನಿಂತರೆ ಎಲ್ಲವೂ ನಿಲ್ಲುತ್ತದೆ. ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾದ ವಸ್ತುಗಳಿಗೆ ಮೋಲ್ಡ್ ಕ್ಯೂರಿಂಗ್ ಆಗುವ ಹೊತ್ತಿನಲ್ಲೇ ಆರ್ಡರ್ ಕೊಡಿ. ಕಾಂಕ್ರೀಟ್ ಕಾಯುವ ದಿನಗಳೇ ನಿಮ್ಮ ಓಡಾಟದ ದಿನಗಳು.

ಒಂದು ಅಡ್ಡಮಾತು. ಸೈಟಿಗೆ ಹೋದಾಗ ಗಂಡ ಒಂದು, ಹೆಂಡತಿ ಒಂದು, ಅಪ್ಪ ಇನ್ನೊಂದು ಹೇಳುವುದು, ಅದೂ ನೇರವಾಗಿ ಗಾರೆಯವರಿಗೆ ಹೇಳುವುದು, ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಯಾರೋ ಒಬ್ಬರು ಮಾತ್ರ ಹೇಳಬೇಕು. ಅದೂ ಕಂಟ್ರಾಕ್ಟರಿಗೆ, ಅದೂ ಬರಹದಲ್ಲಿ. ಫೋನಿನಲ್ಲಿ ಒಂದು ಸಾಲಿನ ಮೆಸೇಜ್ ಆದರೂ ಸಾಕು. ಮೆಸೇಜಿನಲ್ಲಿ ಮೂರು ವಿಷಯ ಇರಲಿ, ಏನು ಬದಲಾವಣೆ, ಎಷ್ಟು ಖರ್ಚು, ಎಷ್ಟು ದಿನ ಹೆಚ್ಚು. ದಿನ ಎಷ್ಟು ಹೆಚ್ಚು ಎಂದು ಮೊದಲೇ ಬರೆಯಬೇಕು ಎಂದಾಗ ಅರ್ಧ ಬದಲಾವಣೆಗಳು ತಾನಾಗಿ ಬಿದ್ದುಹೋಗುತ್ತವೆ.

ಕಂಟ್ರಾಕ್ಟರನ್ನು ಬದಲಿಸಬೇಕಾ? ಇದುವರೆಗೆ ಮಾಡಿದ ಕೆಲಸದ ಗುಣಮಟ್ಟ ಹೇಗಿದೆ ಎನ್ನುವುದರ ಮೇಲೆ ನಿರ್ಧರಿಸಿ, ಎಷ್ಟು ತಡ ಮಾಡಿದರು ಎನ್ನುವುದರ ಮೇಲೆ ಅಲ್ಲ. ಹೊರಗಿನ ಇಂಜಿನಿಯರ್ ಒಬ್ಬರನ್ನು ಕರೆಸಿ. ಸ್ಪ್ರಿಂಗ್ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈ ಗಟ್ಟಿತನ ನೋಡುವ ಪರೀಕ್ಷೆ ಸುಲಭ, ಯಾವುದನ್ನೂ ಒಡೆಯಬೇಕಿಲ್ಲ. ಅದರಲ್ಲಿ ಅನುಮಾನ ಬಂದರೆ ಮಾತ್ರ ಕೋರ್, ಅಂದರೆ ಪರೀಕ್ಷೆಗೆ ಕಾಂಕ್ರೀಟಿನ ತುಂಡು, ಕೊರೆದು ತೆಗೆಸುವುದು. ಮೂರು ಕೋರ್‌ಗಳ ಸರಾಸರಿ ಬಲ ನಕ್ಷೆಯಲ್ಲಿ ಹೇಳಿದ್ದರ ಶೇ. 85ರಷ್ಟು ಇರಬೇಕು, ಯಾವುದೊಂದೂ ಶೇ. 75ಕ್ಕಿಂತ ಕೆಳಗೆ ಇರಬಾರದು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ಮಟ್ಟ. ಕಾಲಮ್‌ಗಳ ಬುಡದಲ್ಲಿ, ಬೀಮ್‌ಗಳ ಕೆಳಗೆ ಜಲ್ಲಿ ಮಾತ್ರ ಕಾಣುವ ಜೇನುಗೂಡಿನಂಥ ತೂತುಗಳಿವೆಯಾ ಎಂದು ನೀವೇ ಟಾರ್ಚ್ ಹಿಡಿದು ನೋಡಬಹುದು. ಅವುಗಳ ಮೇಲೆ ಸುಮ್ನೆ ಗಾರೆ ಮೆತ್ತಿದ್ದರೆ ಕಂಟ್ರಾಕ್ಟರ್ ಬಗ್ಗೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಕೆಲಸ ಚೆನ್ನಾಗಿದ್ದರೆ ಅವರನ್ನೇ ಉಳಿಸಿಕೊಳ್ಳಿ. ಅರ್ಧ ಕಟ್ಟಿದ ಮನೆಗೆ ಹೊಸಬರು ಬರುವುದು ಕಷ್ಟ, ಬಂದರೆ ದರ ಜಾಸ್ತಿ. ಮುಂದೆ ಏನೇ ಬಿರುಕು ಬಂದರೂ 'ಅದು ಹಳಬರ ಕೆಲಸ' ಎಂಬ ಮಾತು ಸಿದ್ಧವಾಗಿರುತ್ತದೆ. ಬದಲಿಸಲೇಬೇಕು ಎಂದಾದರೆ ಜಗಳ ಆಡಿ ಕಳಿಸಬೇಡಿ. ಇಬ್ಬರೂ ಸೈಟಿನಲ್ಲಿ ನಿಂತು, ಇಂಜಿನಿಯರ್ ಎದುರು, ಆದ ಕೆಲಸದ ಅಳತೆ ಬರೆದು ಸಹಿ ಮಾಡಿ. ಎಲ್ಲ ಕೋಣೆ, ಎಲ್ಲ ಮೂಲೆಯ ಫೋಟೋ ತೆಗೆಯಿರಿ. ಅಲ್ಲಿ ಬಿದ್ದಿರುವ ಸಾಮಾನು ಯಾರದು ಎಂದು ಬರೆಯಿರಿ. ಕಂಬಿಯ ಡ್ರಾಯಿಂಗ್ ಮತ್ತು ಪಾಯದ ದಾಖಲೆ ಇಸಿದುಕೊಳ್ಳುವ ತನಕ ಕೊನೆಯ ಲೆಕ್ಕ ಚುಕ್ತಾ ಮಾಡಬೇಡಿ.

ಅಡ್ವಾನ್ಸ್ ವಿಷಯ. ಮೊದಲು ಇದುವರೆಗೆ ಕೊಟ್ಟ ಹಣ ಮತ್ತು ಆದ ಕೆಲಸ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಹಣ ಕೆಲಸಕ್ಕಿಂತ ಮುಂದೆ ಹೋಗಿದ್ದರೆ ಇನ್ನೊಂದು ಪೈಸೆ ಕೊಡಬೇಡಿ, ನಿಮ್ಮ ಹಣ ಬೇರೆ ಸೈಟಿನ ಕಂಬಿಯಾಗಿರಬಹುದು. ಕೆಲಸ ಮುಂದೆ ಹೋಗಿದ್ದರೆ ಅವರ ಬೇಡಿಕೆಯಲ್ಲಿ ನ್ಯಾಯ ಇದೆ, ಬಾಕಿ ಕೊಟ್ಟುಬಿಡಿ. ಮುಂದಿನದನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯಿರಿ. ಕಾಲಮ್ ಆದ ಮೇಲೆ ಇಷ್ಟು, ಮೋಲ್ಡ್ ಹಾಕಿದ ಮೇಲೆ ಇಷ್ಟು, ಕ್ಯೂರಿಂಗ್ ಮುಗಿದು ಆಸರೆ ಬಿಚ್ಚಿದ ಮೇಲೆ ಇಷ್ಟು. ಆ ಮೂರನೆಯದನ್ನು ಬೇರೆಯಾಗಿ ಇಡುವುದು ಮುಖ್ಯ, ನೀರು ಹಾಕಿಸಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಪ್ರತಿ ಹಂತದಲ್ಲೂ ಶೇ. 5ರಿಂದ 10ರಷ್ಟು ಹಿಡಿದಿಟ್ಟುಕೊಂಡು ಕೊನೆಗೆ ಕೊಡಿ. ಸಾಮಾನನ್ನು ನೀವೇ ಅಂಗಡಿಗೆ ನೇರವಾಗಿ ದುಡ್ಡು ಕೊಟ್ಟು ತರಿಸಲು ಅವರು ಒಪ್ಪಿದರೆ ಇನ್ನೂ ಒಳ್ಳೆಯದು.

ಬ್ಯಾಂಕಿಗೂ ಹೋಗಿ ಮಾತಾಡಿ. ಮನೆ ಸಾಲ ಸಾಮಾನ್ಯವಾಗಿ ಕೆಲಸ ಆದ ಹಂತಕ್ಕೆ ತಕ್ಕಂತೆ ಬಿಡುಗಡೆ ಆಗುತ್ತದೆ. ಕೆಲಸ ನಿಂತಿದ್ದರಿಂದ ಮುಂದಿನ ಕಂತು ತಡೆದಿದ್ದಾರಾ, ಅವಧಿ ವಿಸ್ತರಿಸಲು ಅರ್ಜಿ ಬೇಕಾ, ಕಟ್ಟಡದ ಪರವಾನಗಿಯ ಅವಧಿ ಮುಗಿಯುತ್ತಿದೆಯಾ, ಇವನ್ನು ಈಗಲೇ ಕೇಳಿಟ್ಟುಕೊಳ್ಳಿ. ಮೋಲ್ಡ್‌ಗೆ ಎಲ್ಲ ಸಿದ್ಧವಾದ ದಿನ ಹಣ ಬಿಡುಗಡೆ ಆಗದೆ ಕೆಲಸ ಮತ್ತೆ ನಿಲ್ಲುವುದು ಬಹಳ ಕಡೆ ಆಗುತ್ತದೆ.

ಹೊಸ ಗಡುವು ಹೇಗೆ ನಿರ್ಧರಿಸುವುದು? ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಕೆಲಸದ ಹಂತಗಳನ್ನು ಮಾತ್ರ ಕೂಡಿಸಿ ಅಂದಾಜು ಮಾಡಿದರೆ ಸಮಯವನ್ನು ಯಾವಾಗಲೂ ಕಮ್ಮಿ ಹಿಡಿಯುತ್ತೇವೆ, ಅದರ ಬದಲು ಅಂಥದೇ ಬೇರೆ ಕೆಲಸಗಳಿಗೆ ನಿಜವಾಗಿ ಎಷ್ಟು ಹಿಡಿಯಿತು ಎಂದು ನೋಡಬೇಕು. ಇದೇ ಕಂಟ್ರಾಕ್ಟರ್ ಕಟ್ಟಿದ ಎರಡು ಮೂರು ಮನೆಯವರನ್ನು ಕೇಳಿ. ಮೊದಲ ಮೋಲ್ಡ್ ಆದ ದಿನದಿಂದ ಒಳಗೆ ವಾಸಕ್ಕೆ ಹೋದ ದಿನದ ತನಕ ಎಷ್ಟು ತಿಂಗಳು? ಆ ಸಂಖ್ಯೆಯ ಮೇಲೆ ನಿಮ್ಮ ಬಾಡಿಗೆ, ಬಡ್ಡಿ ಲೆಕ್ಕ ಹಾಕಿ. ಕಂಟ್ರಾಕ್ಟರ್ ಹೇಳಿದ ಸಂಖ್ಯೆಯ ಮೇಲೆ ಬೇಡ. ಉಳಿದ ಕೆಲಸದ ಅಂದಾಜಿನ ಮೇಲೆ ಇನ್ನೂ ಶೇ. 10ರಿಂದ 15ರಷ್ಟು ಹಣ ಪಕ್ಕಕ್ಕಿಡಿ.

ಆ ಲೆಕ್ಕ ನಿಮ್ಮ ಕೈ ಮೀರಿದರೆ ಇನ್ನೊಂದು ದಾರಿ ಇದೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಗಂಭೀರವಾಗಿ ಯೋಚಿಸುತ್ತಿದ್ದೆ. ಮೇಲಿನ ಮಹಡಿಯನ್ನು ಸದ್ಯಕ್ಕೆ ಬಿಡಿ. ಕೆಳಗಿನದನ್ನು ಪೂರ್ತಿ ಮಾಡಿ ವಾಸಕ್ಕೆ ಹೋಗಿ. ಬಾಡಿಗೆ ನಿಲ್ಲುತ್ತದೆ. ಕೆಳಗಿನ ಮಹಡಿಗೆ ಮಾತ್ರ ಬಿಡಿಯಾಗಿ ವಾಸದ ಅನುಮತಿ ಸಿಗುತ್ತದೆಯಾ ಎಂದು ಮೊದಲು ವಿಚಾರಿಸಿ. ಹೀಗೆ ಮಾಡುವಾಗ ಕೆಲವನ್ನು ಮುಂದೂಡಬಹುದು. ಕಪಾಟು, ಹೊರಗಿನ ಬಣ್ಣ, ಕಾಂಪೌಂಡಿನ ಅಂದ, ದುಬಾರಿ ದೀಪ ಎಲ್ಲ ಕಾಯುತ್ತವೆ. ಹೊರಗಿನ ಪ್ಲಾಸ್ಟರ್, ಸ್ನಾನದ ಮನೆಯ ವಾಟರ್‌ಪ್ರೂಫಿಂಗ್, ಪೈಪಿನ ಒತ್ತಡ ಪರೀಕ್ಷೆ, ಅರ್ಥಿಂಗ್ ಕಾಯುವುದಿಲ್ಲ. ಮೋಲ್ಡ್ ಮೇಲೆ ನೀರು ಹರಿದು ಹೋಗುವಂತೆ ಇಳಿಜಾರು ಮಾಡಿ, ಮೆಟ್ಟಿಲಿನ ತೂತಿಗೆ ಶೀಟ್ ಹೊದಿಸಿ. ಕರೆಂಟ್ ಪೈಪುಗಳ ಬಾಯಿಗೆ ಮುಚ್ಚಳ ಹಾಕಿ. ಮೇಲೆ ಬಿಟ್ಟ ಕಾಲಮ್ ಕಂಬಿಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸಿಮೆಂಟ್ ಹಾಲು ಬಳಿದು, ಸುತ್ತ ಕಡಿಮೆ ಸಿಮೆಂಟಿನ ತೆಳು ಕಾಂಕ್ರೀಟ್ ಹಾಕಿ ಮುಚ್ಚಿಬಿಡಿ. ಕೈ ಕೂಡಿದಾಗ ಅದನ್ನು ಒಡೆದು ಕಂಬಿ ಮುಂದುವರಿಸಬಹುದು. ಬುಡದಿಂದ ಲ್ಯಾಪ್‌ಗೆ (ಹೊಸ ಕಂಬಿಯನ್ನು ಹಳೆಯದರ ಪಕ್ಕ ಇಟ್ಟು ಕಟ್ಟಲು) ಬೇಕಾದಷ್ಟು ಉದ್ದ, ಅಂದರೆ ಸಾಮಾನ್ಯವಾಗಿ ಕಂಬಿಯ ದಪ್ಪದ 40ರಿಂದ 50 ಪಟ್ಟು, ಹೊರಗೆ ಉಳಿದಿದೆಯಾ ಎಂದು ಮುಚ್ಚುವ ಮೊದಲು ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ.